ತೊಳೆದ ಕಲ್ಲುಗಳು

ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಯಲ್ಲೂ ಕೊಟ್ಟ ಲೋಟವನ್ನು ಪಂಚೆಯ ತುದಿಯಿಂದ ಒರೆಸಿಯೇ ಕುಡಿಯುವವನು. ನೆಂಟರು ಕಡಿಮೆಯಾದದ್ದಕ್ಕೆ ಅದೂ ಒಂದು ಕಾರಣವಿರಬೇಕು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆಯ ಕರಣೆ ಹಿಡಿದವನಿಗೆ ಅಷ್ಟಾದರೂ ಹೆಮ್ಮೆ ಬೇಡವೇ?

ಕನ್ನಡ ನಾಡು ಒಂದಾದ ಮರುವರ್ಷ, ಶಿಕಾರಿಪುರದಲ್ಲಿ ವೀರಗಲ್ಲುಗಳನ್ನು ಇಟ್ಟಿದ್ದ ಹಳೆಯ ಹಜಾರ ರಿಪೇರಿಗೆ ಬಂತು. ಗಾರೆ ಕೆಲಸ ನನಗೇ ಸಿಕ್ಕಿತು. ಗೋಡೆ ಹಳೆಯದರಂತೆಯೇ ಇರಬೇಕು, ಒಳಗೆ ಮಾತ್ರ ಹೊಸ ಕಾಲ ಬರಬೇಕು ಅಂತ ಇಲಾಖೆಯ ಸಾಹೇಬರ ಅಪ್ಪಣೆ. ಸುಣ್ಣವನ್ನು ಬೆಲ್ಲದ ನೀರಲ್ಲಿ ಅರೆದು ಗೋಡೆ ಮೆತ್ತಿದೆ. ಸಿಮೆಂಟಿನ ಪೀಠ ಕಟ್ಟಿದೆ. ಮೇಲೆ ಟ್ಯೂಬ್‌ಲೈಟು ಬಂತು.

ಹನ್ನೊಂದು ಕಲ್ಲನ್ನು ಅಂಗಳಕ್ಕೆ ಸಾಗಿಸುವಾಗ, ಯಾವುದು ಎಲ್ಲಿತ್ತು ಅಂತ ಬೆನ್ನಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿದೆ. "ಕಾಗದದಲ್ಲೂ ಬರಕೊಳ್ರೀ ಮೇಸ್ತ್ರಿ" ಅಂದರು ಸಾಹೇಬರು. ನಾನೇನು ಗುಮಾಸ್ತನೇ? ತಲೆಯಲ್ಲಿದೆ ಅಂದೆ. ಆಮೇಲೆ ಕಣ್ಣಿಗೆ ಬಿತ್ತು ತಲೆಮಾರುಗಳ ಎಣ್ಣೆ ಜಿಡ್ಡು. ಬಟ್ಟೆ ಒಗೆಯುವ ಸೋಡಾದ ನೀರು, ತೆಂಗಿನ ನಾರು. ಎರಡು ದಿನ ಹಿಂದೂ ಮುಂದೂ ತಿಕ್ಕಿದೆ. ಕಪ್ಪಿನೊಳಗಿಂದ ಕೆತ್ತನೆ ಎದ್ದು ಬಂತು: ಕೆಳಗೆ ಹೊಡೆದಾಟ, ನಡುವೆ ದೇವಕನ್ಯೆಯರ ಜೊತೆ ಮೆರವಣಿಗೆ, ಮೇಲೆ ಶಿವಪೂಜೆ. ಚರಿತ್ರೆಯನ್ನು ಇಷ್ಟು ಅಚ್ಚುಕಟ್ಟಾಗಿ ಯಾವ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ. ಆ ಹಿಗ್ಗಿನಲ್ಲಿ ಬೆನ್ನಿನ ನಂಬರೂ ತೊಳೆದುಹೋಗಿತ್ತು. ತಲೆಯಲ್ಲಿದೆ ಅಂದದ್ದೂ ಅಲ್ಲಿರಲಿಲ್ಲ. ಪೀಠದ ಮೇಲೆ ಎತ್ತರದ ಪ್ರಕಾರ ಜೋಡಿಸಿಬಿಟ್ಟೆ. ನೋಡಲು ಚಂದವಾಗಿಯೇ ಇತ್ತು.

ಸೊರಬದ ಕಡೆಯಿಂದ ಬಸಮ್ಮಜ್ಜಿ ಎಣ್ಣೆ ಬಟ್ಟಲು ಹಿಡಿದು ಬಂದರು. ಅವರ ಹೊಲದಿಂದ ಎಷ್ಟೋ ಹಿಂದೆ ಗಾಡಿ ಹತ್ತಿ ಬಂದ ಕಲ್ಲೊಂದು ಇಲ್ಲಿತ್ತು. ಅವರ ಮನೆತನದ ಹಿರಿಯನದು. ಅದಕ್ಕೆ ಎಣ್ಣೆ ಮುಟ್ಟಿಸದೆ ಅವರಲ್ಲಿ ಮದುವೆಯ ಚಪ್ಪರ ಏಳುವ ಹಾಗಿಲ್ಲ. ಮೊಮ್ಮಗಳ ಮದುವೆಗೆ ಎಂಟು ದಿನ ಉಳಿದಿತ್ತು.

"ಕಿಟಕಿ ಪಕ್ಕ ಕರ್ರಗೆ ನಿಂತಿದ್ದ ನಮ್ಮಜ್ಜ ಎಲ್ಲಿ ಮೇಸ್ತ್ರಿ?"

ಹನ್ನೊಂದೂ ಬೂದಿ ಬಣ್ಣ. ಅಜ್ಜಿ ಒಂದೊಂದನ್ನೂ ಸವರಿದರು, ಮೂಸಿದರು. "ಎಲ್ಲದರಲ್ಲೂ ನಿನ್ನ ಸೋಡಾದ ವಾಸ್ನೆನೇ ಐತಲ್ಲೋ."

"ಕೆತ್ತನೆ ನೋಡಿ ಗುರುತು ಹಿಡೀರಿ ಅಜ್ಜಿ."

"ಕೆತ್ತನೆ ಯಾರು ಕಂಡೋರು? ನಮ್ಮತ್ತೆ ಕಾಲದಿಂದ್ಲೂ ಕಂಡಿದ್ದು ಎಣ್ಣೆನೇ."

ಐದನೆಯದನ್ನು ತೋರಿಸಿದೆ, ಪಾಯದ ಅಳತೆ ಹೇಳುವಷ್ಟೇ ಧೈರ್ಯದಿಂದ. ಅಜ್ಜಿ ಬೆರಳು ಅದ್ದಿ, ಕಲ್ಲು ಮುಟ್ಟದೆ ನನ್ನ ಮುಖ ನೋಡಿದರು. "ಹುಡುಗಿ ಬಾಳಿನ ಮಾತು ಮಗಾ. ಇದೇ ಹೌದಾ?"

ಗೊತ್ತಿಲ್ಲ ಅಂದೆ. ಕೆಲಸದ ಜಾಗದಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು.

ಹನ್ನೊಂದಕ್ಕೂ ಹಚ್ಚಿಬಿಡಿ ಅಂತಲೂ ಅಂದೆ. "ಕಂಡೋರ ಹಿರೀಕರಿಗೆ ಮೊದ್ಲು ಎಣ್ಣೆ ಹಚ್ಚಿ ಮದುವೆ ಹೇಳಿದ್ರೆ ನಮ್ಮೋನು ಸುಮ್ಕಿರ್ತಾನಾ?" ಅಜ್ಜಿ ಬೈಯಲಿಲ್ಲ. ಬೆರಳಿನ ಎಣ್ಣೆಯನ್ನು ತಮ್ಮ ತಲೆಗೇ ಒರೆಸಿಕೊಂಡು, ಬಟ್ಟಲು ಮುಚ್ಚಿ, ಬಸ್ಸಿಗೆ ನಡೆದರು. ಮದುವೆ ಮುಂದಕ್ಕೆ ಹೋಯಿತಂತೆ. ಎಲ್ಲಿಯವರೆಗೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಈಗ ಹಜಾರಕ್ಕೆ ಬಂದವರು ಬೆಳಕನ್ನು ಹೊಗಳುತ್ತಾರೆ. ಕತ್ತಿಯ ಹಿಡಿ, ಕುದುರೆಯ ಗೆಜ್ಜೆ, ಎಲ್ಲ ಕಾಣುತ್ತದೆ. ನಾನೂ ಒಮ್ಮೊಮ್ಮೆ ಹೋಗುತ್ತೇನೆ. ಯಾರಲ್ಲಿ ತಪ್ಪೊಪ್ಪಿಕೊಳ್ಳಬೇಕು ಅನ್ನುವುದು ತಿಳಿಯದವನು ಹನ್ನೊಂದು ಜನರ ಎದುರೂ ತಲೆ ತಗ್ಗಿಸಬೇಕಾಗುತ್ತದೆ.