ಪೂಜೆಗೆ ಕೊಟ್ಟ ಹಳೆಯ ಸೀರೆ

ಕಳೆದ ವರ್ಷ ಮಹಾಲಯ ಅಮಾವಾಸ್ಯೆಯ ಮುಂಚಿನ ದಿನ ಬೆಳಿಗ್ಗೆ ಮಾಲತಿ, ನಾನು ಕೊಟ್ಟ ಸೀರೆಯನ್ನು ನಮ್ಮ ಅಡುಗೆಕಟ್ಟೆಯ ಮೇಲೆ ಇಟ್ಟು, ಕೆಲಸ ಬಿಟ್ಟು ಹೋದಳು. ಅದು ತೀರಿಹೋದ ನನ್ನ ಅವ್ವನ ಇಳಕಲ್ ಸೀರೆ. ಅದಕ್ಕಿಂತ ದೊಡ್ಡದೇನೂ ನನ್ನ ಬಳಿ ಕೊಡಲು ಇರಲಿಲ್ಲ.

ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ ನಾವು ಧಾರವಾಡದಿಂದ ಕಲ್ಕತ್ತಾದ ಡಮ್ ಡಮ್‌ಗೆ ಬಂದು ಆಗ ಏಳು ತಿಂಗಳು. ಕ್ವಾರ್ಟರ್ಸ್ ಸಿಗದೆ ಬಾಡಿಗೆ ಮನೆ ಹಿಡಿದಿದ್ದೆವು. ನಾನು ಪತ್ರಿಕೆಯೊಂದರ ಡೆಸ್ಕ್ ಕೆಲಸ ಬಿಟ್ಟು ಬಂದಿದ್ದೆ. ನೆರೆಯವರು ಬಾಗಿಲನ್ನು ಅರ್ಧ ತೆರೆದು ನಗುತ್ತಿದ್ದರು, ಪೂರ್ತಿ ತೆರೆಯುತ್ತಿರಲಿಲ್ಲ. ಹಗಲಿನಲ್ಲಿ ನನ್ನೊಡನೆ ಮಾತನಾಡುತ್ತಿದ್ದವಳು ಪಾತ್ರೆ ತೊಳೆಯಲು ಬರುತ್ತಿದ್ದ ಮಾಲತಿ ಒಬ್ಬಳೇ. ನನ್ನನ್ನು 'ಬೌದಿ' ಎನ್ನುತ್ತಿದ್ದಳು. ಅಂದರೆ ಅತ್ತಿಗೆ.

"ಬೌದಿ, ತರಕಾರಿಯವನ ಹತ್ತಿರ ಹಿಂದಿ ಬೇಡ, ರೇಟು ಏರಿಸ್ತಾನೆ. 'ಕೊತೊ?' ಅನ್ನಿ, ಅಷ್ಟೇ. ಮುಖ ಗಂಟು ಹಾಕ್ಕೊಂಡು."

ಹಾಗೆಯೇ ಬೆಲೆ ಕೇಳಿದೆ. ಅವನು ಹಿಂದಿಯಲ್ಲಿ ಉತ್ತರಿಸಿದ.

ಈ ಕಟ್ಟಡದಲ್ಲಿ ಯಾರೂ ಬಟ್ಟೆ ಎಸೆಯುವುದಿಲ್ಲ. ಎರಡನೇ ಮಹಡಿಯ ಅಜ್ಜಿ ಮೆತ್ತಗಾದ ಕಾಟನ್ ಸೀರೆಗಳನ್ನು ಪದರ ಪದರವಾಗಿ ಹೊಲಿದು 'ಕಾಂಥಾ' ಮಾಡುತ್ತಾರೆ. ನಮ್ಮ ಕೌದಿಯಂಥದ್ದೇ, ಇನ್ನೂ ತೆಳು. ಯಾಕೆ ಎಸೆಯುವುದಿಲ್ಲವೆಂದು ಕೇಳಿದೆ. ಹೊಸ ಬಟ್ಟೆ ಎಳೆಮಗುವಿನ ಮೈ ಗೀರುತ್ತದೆ ಎಂದರು. ಅವರ ಮಗ ಅಪ್ಪನ ಸ್ವೆಟರನ್ನೇ ಹಾಕುತ್ತಾನೆ. ಈಗಿನವು ಎರಡು ಚಳಿಗಾಲ ಬಾಳುವುದಿಲ್ಲವಂತೆ.

ಇದನ್ನು ಮಾಲತಿಗೆ ಹೇಳಿದಾಗ ಅವಳು ತಿಕ್ಕುತ್ತಿದ್ದ ಬಾಣಲೆ ಕೆಳಗಿಟ್ಟಳು. "ನನ್ನನ್ನೂ ಕೇಳಿ. ಬ್ಲೌಸು ಮೂರನೇ ಮಹಡಿಯದ್ದು. ಸೀರೆ ಎದುರು ಮನೆಯದ್ದು. ಚಪ್ಪಲಿ ಒಂದೇ ನನ್ನದು."

ನಾನು ನಕ್ಕೆ. ಅವಳೂ ನಕ್ಕಳು. ಅದನ್ನು ತಮಾಷೆ ಎಂದುಕೊಂಡೆ.

ಧಾರವಾಡದಲ್ಲಿ ಅವ್ವ ದೀಪಾವಳಿಗೆ ತಾನು ಉಟ್ಟ ಸೀರೆಗಳಲ್ಲೇ ಒಳ್ಳೆಯದನ್ನು ಆರಿಸಿ ಮನೆಗೆಲಸದ ಯಲ್ಲವ್ವನಿಗೆ ಕೊಡುತ್ತಿದ್ದಳು. ಅಂಗಡಿಯದ್ದನ್ನು ಯಾರಿಗಾದರೂ ಕೊಡಬಹುದು, ಉಟ್ಟದ್ದನ್ನು ಮನೆಯವರಿಗೇ ಕೊಡಬೇಕು ಎನ್ನುವುದು ಅವಳ ಮಾತು. ದುರ್ಗಾಪೂಜೆ ಹತ್ತಿರವಾದಾಗ ನಾನೂ ಹಾಗೆಯೇ ಮಾಡಿದೆ.

ಮಾಲತಿ ಸೀರೆಯ ಮಡಿಕೆಯ ಗೆರೆಯ ಮೇಲೆ ಬೆರಳಾಡಿಸಿದಳು.

"ಎಟಾ ತೊ ಪುರೊನೊ, ಬೌದಿ." ಇದು ಹಳೆಯದು.

"ನಮ್ಮ ಅವ್ವನದು."

"ನಿಮ್ಮ ಅಮ್ಮನದು ನನಗ್ಯಾಕೆ? ವರ್ಷವಿಡೀ ನೀವೆಲ್ಲ ಉಟ್ಟು ಬಿಟ್ಟದ್ದೇ ಉಡ್ತೀನಿ. ಎಸೆಯೋದೋ ಇಟ್ಟುಕೊಳ್ಳೋದೋ ಅಂತ ಯೋಚನೆ ಮಾಡೋರು ನೀವು. ಪೂಜೆಯ ಒಂದು ಸೀರೆ ಮಾತ್ರ ನನಗಿಂತ ಮೊದಲು ಯಾರೂ ಉಟ್ಟಿರಬಾರದು. ಇಷ್ಟೂ ಗೊತ್ತಿಲ್ವಾ?"

ಸಂಜೆ ಶಾಲೆಯಿಂದ ಬಂದ ಮಗಳು ಕೇಳಿ ಹಣೆ ಬಡಿದುಕೊಂಡಳು. "ಅವ್ವಾ, ಪೂಜೋಗೆ ನ್ಯೂ ಕೊಡ್ಬೇಕು. ಎವ್ರಿಬಡಿಗೂ ಗೊತ್ತು. ನಂಗೆ ಕೇಳ್ಬೇಕಿತ್ತು ನೀನು."

ಮರುದಿನ ಹೊಸ ಸೀರೆ ತಂದೆ. ಮಾಲತಿಯ ಮನೆಗೇ ಹೋಗಿ ಕೊಡಬೇಕೆಂದು ಹೊರಟಾಗ, ಅವಳ ಮನೆ ಎಲ್ಲಿದೆ ಎಂದು ನನಗೆ ಗೊತ್ತಿಲ್ಲವೆಂಬುದು ತಿಳಿಯಿತು. ಏಳು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕಾವಲುಗಾರನ ಕೈಯಲ್ಲಿ ಕಳಿಸಿದೆ. ಎರಡು ದಿನ ಬಿಟ್ಟು ಪೊಟ್ಟಣ ಪಿನ್ನು ಕೀಳದೆ ವಾಪಸಾಯಿತು.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಧಾರವಾಡದಲ್ಲಿದ್ದಾಳೆ. ಸಮಾಧಾನದ ಮಾತು ಬರುತ್ತದೆ ಎಂದುಕೊಂಡಿದ್ದೆ.

"ಅವ್ವನ ಸೀರಿ ಕೆಲಸದಾಕಿಗೆ ಕೊಟ್ಟಿದ್ದ್ಯಾ? ಕಲ್ಕತ್ತಾದಾಗ ಸೀರಿ ಅಂಗಡಿ ಎಲ್ಲಾ ಮುಚ್ಚ್ಯಾವೇನು?"

"ಅವ್ವ ಯಲ್ಲವ್ವಗ ಕೊಡ್ತಿದ್ದಿಲ್ಲೇನಕ್ಕಾ?"

"ಕೊಡ್ತಿದ್ಲು. ಯಲ್ಲವ್ವ ಅದ್ರಾಗ ಒಂದರ ಉಟ್ಟಿದ್ದು ನೋಡೀಯೇನು? ಪಾತ್ರಿ ಮಾರಾಕಿಗೆ ಹಾಕಿ ಬೋಗಾಣಿ ತಗೋತಿದ್ಲು. ಓಣಿಗೆಲ್ಲಾ ಗೊತ್ತಿತ್ತು, ಅವ್ವಗ ಮತ್ತ ನಿನಗ ಬಿಟ್ಟು."

ನೆನಪು ಮಾಡಿಕೊಂಡೆ. ಯಲ್ಲವ್ವ ಅವ್ವನ ಸೀರೆ ಉಟ್ಟದ್ದನ್ನು ನಾನು ನೋಡಿರಲಿಲ್ಲ.

ಆ ಸೀರೆ ಕೊಟ್ಟದ್ದು ಇಲ್ಲಿ ತಪ್ಪಾಯಿತು, ಹಳೆಯದೆಂದು. ಧಾರವಾಡದಲ್ಲಿಯೂ ತಪ್ಪಾಯಿತು, ಅವ್ವನದೆಂದು. ನಾನು ಊರಿನಿಂದ ಹೊತ್ತು ತಂದ ರಿವಾಜು ಊರಿನಲ್ಲೇ ಯಾರಿಗೂ ಬೇಕಿರಲಿಲ್ಲ. ಅಕ್ಕ ಸೀರೆ ಕಳಿಸೆಂದಳು. ಅಂಚೆಯಲ್ಲಿ ಕಳಿಸಿದೆ. "ಮುಟ್ಟಿತು" ಎಂದು ಒಂದು ಮೆಸೇಜು ಬಂತು.

ಮಾಲತಿ ಇದೇ ಕಟ್ಟಡದ ಬೇರೆ ಮನೆಗಳಲ್ಲಿ ಕೆಲಸ ಮುಂದುವರಿಸಿದ್ದಾಳೆ. ಕಳೆದ ವಾರ ಮೆಟ್ಟಿಲಲ್ಲಿ ಎದುರಾದಳು. ಮಗಳನ್ನು ನಿಲ್ಲಿಸಿ, ಪರೀಕ್ಷೆ ಹೇಗಾಯಿತೆಂದು ಬಂಗಾಳಿಯಲ್ಲಿ ಕೇಳಿದಳು. ಮಗಳು ಬಂಗಾಳಿಯಲ್ಲೇ ಉತ್ತರಿಸಿದಳು. ಆಮೇಲೆ ಮಾಲತಿ ನನಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತಳು.