ಬರೆದಿಡದ ಒಂದು ಮಾತು

ನನ್ನನ್ನು ವೇದಿಕೆಗೆ ಕರೆಯುವವರೆಲ್ಲ ಒಂದೇ ಪಾಠ ಒಪ್ಪಿಸುತ್ತಾರೆ. ಹೊಳವನಹಳ್ಳಿಯ ಅಂಗಡಿ ಬೀದಿಯಲ್ಲಿ ಹುಟ್ಟಿದವರು, ದೇಶದ ಪರವಾಗಿ ನಾನಾ ರಾಜಧಾನಿಗಳಲ್ಲಿ ರಾಯಭಾರ ನಡೆಸಿದವರು, ನಿವೃತ್ತಿಯಾದ ಮೇಲೆ ಕಂಪನಿಯ ನಿರ್ದೇಶಕರಾದವರು, ಈಗ ನಮ್ಮ ಭಾಗದ ಖಾಸಗಿ ವಿಶ್ವವಿದ್ಯಾಲಯಕ್ಕೆ ಕುಲಾಧಿಪತಿಗಳು. ಆಮೇಲೆ ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ. ಮೊದಲೆಲ್ಲ ಕೇಳಿ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಈಗ ಆ ಪಾಠ ಶುರುವಾದರೆ ಮೈಯೆಲ್ಲ ಉರಿಯುತ್ತದೆ. ಇಷ್ಟೆಲ್ಲ ಆದ ಮಹಾಶಯ ಒಂದು ಕೇರಿಯ ದಾರಿ ಉಳಿಸಿಕೊಡದೆ ಹೋದ, ಅದನ್ನೂ ಸೇರಿಸಿ ಹೇಳಿ ಸ್ವಾಮಿ ಅಂತ ಮೈಕು ಕಿತ್ತುಕೊಳ್ಳಬೇಕು ಅನಿಸುತ್ತದೆ. ಕಿತ್ತುಕೊಳ್ಳುವುದಿಲ್ಲ. ಕೈಮುಗಿದು ಕೂರುತ್ತೇನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರಾಯಭಾರದ ನೌಕರಿಯಲ್ಲಿ ಮೊದಲು ಕಲಿಸುವುದು ಟಿಪ್ಪಣಿ ಬರೆಯುವುದನ್ನು. ಯಾರ ಜೊತೆ ಕೂತು ಏನೇ ಮಾತಾಡಿರಲಿ, ಅದೇ ದಿನ ಬರೆದಿಡಬೇಕು. ಅಲ್ಲಿ ಯಾರಿದ್ದರು, ಯಾರು ಏನೆಂದರು, ನಾವು ಯಾವುದಕ್ಕೆ ಒಪ್ಪಿದೆವು, ಎಲ್ಲ. ಒಮ್ಮೆ ಊಟದ ಮೇಜಿನಲ್ಲಿ ಆಡಿದ ಮಾತು ಅಲ್ಲವೇ ಎಂದು ಬರೆಯದೆ ಬಿಟ್ಟಿದ್ದಕ್ಕೆ, ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ನನ್ನ ಮೊದಲ ಮೇಲಧಿಕಾರಿ ಎಲ್ಲರೆದುರು ಗದರಿದ್ದರು. ಅವತ್ತಿನಿಂದ ನಾನು ಒಂದು ಮಾತನ್ನೂ ಬಿಟ್ಟವನಲ್ಲ. ಎರಡನೆಯದಾಗಿ ಕಲಿಸುವುದು ಬರೆಯುವಾಗಲೇ ನುಣುಚಿಕೊಳ್ಳಲು ಸಂದು ಇಟ್ಟುಕೊಳ್ಳುವುದನ್ನು. 'ಸಾಧ್ಯವಾದ ಮಟ್ಟಿಗೆ' ಎಂದು ಒಂದು ಕಡೆ ತುರುಕಿದರೆ ಸಾಕು, ನಾಳೆ ಯಾರೂ ಕೊರಳಪಟ್ಟಿ ಹಿಡಿಯುವ ಹಾಗಿಲ್ಲ. ಈ ವಿದ್ಯೆಯಲ್ಲಿ ನಾನು ಗಟ್ಟಿಗ. ಆಮೇಲೆ ಸೇರಿದ್ದು ಪಾವಗಡದ ಬಿಸಿಲಿನಲ್ಲಿ ಕರೆಂಟು ಮಾಡುವ ಕಂಪನಿಯೊಂದನ್ನು. ಅಲ್ಲಿಯ ವಕೀಲರು ನನಗಿಂತ ಒಂದು ಕೈ ಮೇಲೆ. ಕರಾರಿನಲ್ಲಿ ಇಲ್ಲದ ಮಾತು ಎತ್ತಿದರೆ ಅವರು ತಲೆಯೆತ್ತಿ ನೋಡುತ್ತಲೂ ಇರಲಿಲ್ಲ.

ಇಷ್ಟು ಪಳಗಿದ ಮನುಷ್ಯ, ಬರೆದಿಡಲೇಬೇಕಿದ್ದ ಒಂದೇ ಒಂದು ಮಾತನ್ನು ಬರೆದಿಡಲಿಲ್ಲ.

ಮಧುಗಿರಿಯ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನೊಬ್ಬ ಗೆಳೆಯ. ಅವನ ಊರು ಅಲ್ಲಿಂದ ಪಾವಗಡಕ್ಕೆ ಹೋಗುವ ರಸ್ತೆಯ ಬದಿಗಿದೆ. ಕೆಳಗಿನ ಕೇರಿಯವನು. ನಮ್ಮದು ವ್ಯಾಪಾರ, ವಿಭೂತಿ, ಪೂಜೆಯ ಮನೆ. ಅವನನ್ನು ಹೊಸ್ತಿಲು ದಾಟಿಸಲು ನಮ್ಮಪ್ಪ ಒಪ್ಪಲಿಲ್ಲ. ಅವನ ಮನೆಯಲ್ಲಿ ನಾನು ಮುದ್ದೆ ಉಣ್ಣುತ್ತಿದ್ದುದನ್ನು ನಾನೂ ನಮ್ಮಪ್ಪನಿಗೆ ಹೇಳಲಿಲ್ಲ. ಲೆಕ್ಕದಲ್ಲಿ ಅವನು ನನಗಿಂತ ಮುಂದಿದ್ದ. ನಾನು ದೆಹಲಿಗೆ ಹೋದೆ, ಅವನು ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿ ಮದಲೂರಿನಲ್ಲಿ ಒಂದಷ್ಟು ವರ್ಷ, ಶಿರಾದಲ್ಲಿ ಒಂದಷ್ಟು ವರ್ಷ ಇದ್ದು, ಕೊನೆಗೆ ತನ್ನ ಊರಿನಲ್ಲೇ ನಿವೃತ್ತನಾದ. ರಜೆಗೆ ಬಂದಾಗಲೆಲ್ಲ ಹೋಗಿ ನೋಡುತ್ತಿದ್ದೆ. ನನ್ನನ್ನು 'ಲೇ' ಎಂದು ಕರೆಯಲು ಉಳಿದಿರುವವನು ಅವನೊಬ್ಬನೇ.

ವಿಶ್ವವಿದ್ಯಾಲಯಕ್ಕೆ ಜಾಗ ಹುಡುಕುವಾಗ ಟ್ರಸ್ಟಿನವರಿಗೆ ಆ ಊರು ತೋರಿಸಿದವನು ನಾನೇ. ಹೆಚ್ಚಿನ ಹೊಲದವರು ಕೊಡಲು ತಯಾರಿದ್ದರು. ಆದರೆ ಕೇರಿಯವರ ಸ್ಮಶಾನ ಆ ಹೊಲಗಳ ಆಚೆಗಿತ್ತು. ನಡುವೆ ಒಂದು ಕಾಲುದಾರಿ. ದಾರಿಯ ಅರ್ಧದಲ್ಲಿ ಒಂದು ಚಪ್ಪಟೆ ಕಲ್ಲು. ಹೆಣ ಹೊತ್ತವರು ಆ ಕಲ್ಲಿನ ಮೇಲೆ ಒಂದು ಸಲ ಇಳಿಸಿ, ತಲೆ ಇದ್ದ ಕಡೆಗೆ ಕಾಲು ತಿರುಗಿಸಿಕೊಂಡು ಮತ್ತೆ ಎತ್ತಬೇಕು. ಬೇರೆಲ್ಲೂ ಇಳಿಸುವಂತಿಲ್ಲ, ಹೊರಟ ಮೇಲೆ ಹಿಂದಕ್ಕೆ ಬರುವಂತೆಯೂ ಇಲ್ಲ. ಈ ದಾರಿಯ ಮಾತು ಇತ್ಯರ್ಥವಾಗದೆ ತಮ್ಮ ಹೊಲ ಕೊಡುವುದಿಲ್ಲ ಎಂದು ಕೇರಿಯವರು ಪಟ್ಟು ಹಿಡಿದರು.

ಗೆಳೆಯನ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಗೋಡೆಯ ಮೇಲೆ ಅವನು ಹಾಕಿಕೊಂಡಿದ್ದ ಬುದ್ಧನ ಪಟ. ಅವನ ಹೆಂಡತಿ ತಟ್ಟೆಯಲ್ಲಿ ಎಲೆ ಅಡಿಕೆ ತಂದು ನನ್ನ ಮುಂದೆ ಹಿಡಿದು ನಿಂತರು.

"ಅಣ್ಣ, ಜಮೀನು ಹೋದ್ರೆ ಹೋಗ್ಲಿ. ಮಣ್ಣಿಗೋಗೋ ದಾರಿ ಒಂದು ನಮ್ಗೆ ಬುಟ್ಬುಡಿ. ನಮ್ಮತ್ತೆ ಅಲ್ಲೇ ಅವ್ರೆ. ನಾಳೆ ನಾನೂ ಅಲ್ಲಿಗೇ ಹೋಗ್ಬೇಕು."

"ಆ ದಾರಿ ನಿಮ್ಮದೇ ಅಮ್ಮ. ನಾನಿರೋ ತನಕ ಅದಕ್ಕೆ ಯಾರೂ ಅಡ್ಡ ಬರಲ್ಲ" ಎಂದೆ.

ಕಂಬಕ್ಕೆ ಒರಗಿದ್ದ ಒಬ್ಬರು, "ಒಂದು ಕಾಗ್ದ ಮಾಡ್ಕಂಡ್ರೆ ಹೆಂಗೆ?" ಎಂದರು.

ಗೆಳೆಯನಿಗೆ ಸಿಟ್ಟು ನೆತ್ತಿಗೇರಿತು. "ಇವ್ನತ್ರ ಕಾಗ್ದ ಕೇಳ್ತೀಯೇನ್ಲಾ? ನಮ್ಮವ್ವನ ಕೈ ಮುದ್ದೆ ಉಂಡೋನು ಇವ್ನು. ಸುಮ್ಕಿರು."

ನನಗೂ ಒಳಗೊಳಗೇ ಬೇಜಾರಾಯಿತು, ನನ್ನನ್ನೇ ಅನುಮಾನಿಸಿದರಲ್ಲ ಎಂದು. ದೊಡ್ಡ ಮನುಷ್ಯನ ಹಾಗೆ ಎಲೆ ಅಡಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಅವತ್ತು ಮನೆಗೆ ಹೋಗಿ ಟಿಪ್ಪಣಿ ಬರೆಯಲಿಲ್ಲ. ಪರದೇಶದವರ ಮಾತಾದರೆ ಬರೆಯಬೇಕು, ನಮ್ಮವರ ಹತ್ತಿರ ಆಡಿದ್ದಕ್ಕೆ ಟಿಪ್ಪಣಿ ಏಕೆ ಅಂದುಕೊಂಡೆ. ಕಂಬಕ್ಕೆ ಒರಗಿದ್ದ ಆ ಮನುಷ್ಯನಿಗೆ ಇದ್ದಷ್ಟು ಬುದ್ಧಿ ನನಗಿರಲಿಲ್ಲ.

ಕಟ್ಟಡಗಳು ಎದ್ದವು. ಕೆಲವು ವರ್ಷ ದಾರಿಯೂ ಇತ್ತು, ಜನವೂ ಓಡಾಡಿದರು. ಆಮೇಲೆ ಮಾನ್ಯತೆಯ ಪರಿಶೀಲನೆಗೆ ತಂಡ ಬರುತ್ತದೆ ಎಂಬ ಗಡಿಬಿಡಿಯಲ್ಲಿ ಸುತ್ತ ಗೋಡೆ ಎದ್ದಿತು. ಕಾಲುದಾರಿ ಗೋಡೆಗೆ ತಾಗುವ ಎರಡು ಕಡೆಯೂ ಕಬ್ಬಿಣದ ಗೇಟು, ಒಂದೊಂದಕ್ಕೂ ಬೀಗ, ಕೇರಿಯ ಕಡೆಯ ಗೇಟಿನ ಕಾವಲಿಗೆ ಪಾವಗಡದ ಕಡೆಯ ತೆಲುಗು ಮಾತಿನವನೊಬ್ಬ. ಒಳಗೆ ಉಳಿದ ಕಲ್ಲಿಗೆ ತೋಟದ ಗುತ್ತಿಗೆದಾರ ಸುಣ್ಣ ಬಳಿದು, ಅದರ ಪಕ್ಕದಲ್ಲೇ 'ಕುಲಾಧಿಪತಿಗಳ ಕಚೇರಿ' ಎಂದು ಬಾಣದ ಗುರುತಿನ ಫಲಕ ನೆಟ್ಟ. ಅದು ಯಾವ ಕಲ್ಲು ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೊದಲ ವಾರ ಕಾರಿನಲ್ಲಿ ಹೋಗುವಾಗ ಕಣ್ಣಿಗೆ ಚುಚ್ಚಿತು, ಕೇಳಬೇಕು ಅಂದುಕೊಂಡೆ. ಎರಡನೆಯ ವಾರ ಫೋನಿನಲ್ಲಿ ಮಾತಾಡುತ್ತಾ ದಾಟಿದೆ. ಮೂರನೆಯ ವಾರಕ್ಕೆ ಅಭ್ಯಾಸವಾಯಿತು.

ಒಂದು ದಿನ ಹೊರದೇಶದ ವಿಶ್ವವಿದ್ಯಾಲಯವೊಂದರಿಂದ ನಾಲ್ಕು ಜನ ಒಪ್ಪಂದಕ್ಕೆ ಬಂದಿದ್ದರು. ಇಂಥದ್ದರಲ್ಲಿ ನನ್ನ ಕೈ ಇನ್ನೂ ಪಳಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಸುತ್ತಲಿನ ಹಳ್ಳಿಗಳ ಜೊತೆ ನಮ್ಮದು ಎಂಥ ಬಾಂಧವ್ಯ ಎಂದು ವಿವರಿಸುತ್ತಿದ್ದೆ. ದೂರದಲ್ಲಿ ತಮಟೆ ಬಡಿಯುವುದು ಕೇಳಿಸಿತು. ಒಬ್ಬಾಕೆ, ಅದೇನು ಎಂದು ಕೇಳಿದರು. ಊರ ಹಬ್ಬವಿರಬೇಕು ಎಂದು ನಕ್ಕೆ. ಹೊಳವನಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ಹಬ್ಬದ ತಮಟೆ ಯಾವುದು, ಸಾವಿನ ತಮಟೆ ಯಾವುದು ಎಂದು ತಿಳಿಯುವುದಿಲ್ಲವೇ? ತಿಳಿದೇ ಸುಳ್ಳು ಹೇಳಿದೆ. ಅತಿಥಿಗಳ ಮುಂದೆ ಸಾವಿನ ಮಾತು ಏಕೆ ಎಂದು. ಆ ನಗುವನ್ನು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅವರನ್ನು ಕಳಿಸಿದ ಮೇಲೆ ಕುಲಸಚಿವರು ಬಂದರು. "ಸರ್, ಬೆಳಗ್ಗೆ ಸಣ್ಣದೊಂದು ವಿಷಯ ಆಗಿತ್ತು. ಹಿಂದಿನ ಗೇಟ್ ಹತ್ರ ಒಂದು ಬಾಡಿ ತಗೊಂಡು ಬಂದಿದ್ರು. ಮೀಟಿಂಗ್ ಇತ್ತಲ್ಲ, ತಮಗೆ ಡಿಸ್ಟರ್ಬ್ ಮಾಡಲಿಲ್ಲ. ಮ್ಯಾನೇಜ್ ಮಾಡಿದ್ವಿ."

"ಯಾರದು?"

"ಯಾರೋ ರಿಟೈರ್ಡ್ ಮೇಷ್ಟ್ರ ಹೆಂಡತಿಯಂತೆ."

ಕಾವಲಿನವನನ್ನು ಕರೆಸಿದೆ. "ನಾನೇಮ್ ಮಾಡ್ಲಿ ಸಾಮಿ, ಆಫೀಸಿಗೆ ಫೋನ್ ಮಾಡ್ದೆ, ಪರ್ಮಿಷನ್ ಲೇದು ಅಂದ್ರು. ಅರ್ಧ ಗಂಟೆ ಬಿಸಿಲ್ನಾಗೆ ಹೆಗಲ ಮ್ಯಾಲೇ ಇಟ್ಕಂಡು ನಿಂತಿದ್ರು. ಮೇಷ್ಟ್ರು ನನ್ನ ಒಂದು ಮಾತು ಬೈಲಿಲ್ಲ ಸಾಮಿ."

ಸಂಜೆಯೇ ಹೋದೆ, ಗೆಳೆಯ ಅದೇ ಜಗಲಿಯಲ್ಲಿ ಕೂತಿದ್ದ. ಒಂದು ಮಂಡಿಗೆ ಬಟ್ಟೆ ಕಟ್ಟಿಕೊಂಡಿದ್ದ. "ಬಂದ್ಬುಟ್ಯಾ? ಕೂತ್ಕ" ಎಂದ. ಅವನು ಕೂಗಾಡಿದ್ದರೆ ನಾನು ಬದುಕುತ್ತಿದ್ದೆ.

"ಹಿಂದಕ್ಕೆ ತಿರುಗುಸ್ಬಾರ್ದು ಕಣ್ಲಾ, ಆದ್ರೂ ತಿರುಗುಸ್ದೆ. ದೊಡ್ಡ ರೋಡ್ ಸುತ್ಕಂಡೋದ್ವಿ. ಕಲ್ಲು ನಿನ್ನ ಕಾಂಪೌಂಡ್ ಒಳೀಕ್ಕಾಯ್ತಲ್ಲ, ಮೋರಿ ಹತ್ರ ಟಾರ್ ಮ್ಯಾಲೆ ಇಳಿಸಿದ್ವಿ ಅವ್ಳನ್ನ. ಲಾರಿಯೋನು ಹಾರ್ನ್ ಹೊಡೀತಾನೇ ಇದ್ದ."

"ನನಗೆ ಯಾರೂ ಹೇಳಲಿಲ್ಲ ಕಣೋ" ಎಂದೆ.

"ತಮಟೆ ಕೇಳುಸ್ಲಿಲ್ವಾ?"

ಉತ್ತರಕ್ಕೆ ಕಾಯದೆ ಮಂಡಿಯ ಬಟ್ಟೆ ಬಿಗಿ ಮಾಡಿಕೊಂಡ.

"ನಾಡಿದ್ದು ಹಾಲುತುಪ್ಪ. ನಂಗೆ ಅದ್ರಾಗೆಲ್ಲ ನಂಬ್ಕೆ ಇಲ್ಲ, ನಿಂಗೊತ್ತು. ಅವ್ಳಿಗಿತ್ತು. ಮಣ್ಣಿನ ಮ್ಯಾಲೆ ನನ್ನ ಕೈಲೇ ಹಾಲು ಬುಡ್ಬೇಕು ಅಂತ ಹೇಳಿ ಹೋಗವ್ಳೆ. ಈ ಮಂಡಿ ಇಟ್ಕಂಡು ಇನ್ನೊಂದು ಸಲ ರೋಡ್ ಸುತ್ತಕ್ಕಾಗಲ್ಲ. ಆ ದಾರೀಲಿ ಹೋಗಕ್ಕೆ ಬುಡ್ತೀಯಾ?"

ಬಿಡ್ತೀಯಾ ಅಂತ ಕೇಳಿದ. ತನ್ನ ದಾರಿಗೆ ನನ್ನ ಅಪ್ಪಣೆ ಕೇಳಿದ.

ಮಾರನೆಯ ಬೆಳಗ್ಗೆ ಕುಲಸಚಿವರ ಮೇಲೆ ಹರಿಹಾಯ್ದೆ. ಅಷ್ಟು ಕೂಗಿದ್ದು ನನ್ನ ನೌಕರಿಯ ಕಾಲದಲ್ಲೂ ಇಲ್ಲ. ಹೊರಗಿನ ಕೋಣೆಯ ಟೈಪಿಸ್ಟು ಎದ್ದು ನಿಂತುಬಿಟ್ಟಿದ್ದಳಂತೆ. ಯಾವನು ಹೇಳಿದ್ದು ಆ ದಾರಿ ಮುಚ್ಚಲು, ಯಾರಪ್ಪನ ಆಸ್ತಿ ಅಂದುಕೊಂಡಿದ್ದೀರಿ, ಮಾತು ಕೊಟ್ಟಿದ್ದೇನೆ ನಾನು, ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಎಲ್ಲ ಕೇಳಿಸಿಕೊಂಡು, "ಸರ್ವೆ ನಕ್ಷೆಯಲ್ಲಿ ದಾರಿ ಇಲ್ಲ ಸರ್. ಕ್ರಯಪತ್ರದಲ್ಲೂ ಇಲ್ಲ. ತಾವು ಮಾತು ಕೊಟ್ಟಿದ್ದಕ್ಕೆ ಏನಾದ್ರೂ ನೋಟ್ ಇದೆಯಾ?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ. ನಿಜವಾಗಿ ಕಡತಕ್ಕೆ ಸೇರಿಸಲು ಕೇಳಿದರು. ನನ್ನ ಹತ್ತಿರ ಇರಲಿಲ್ಲ. ಆಮೇಲೆ ಗೋಡೆಯ ಕಡತ ತಂದು ನನ್ನ ಮುಂದೆ ತೆರೆದಿಟ್ಟರು. 'ತಂಡ ಬರುವ ಮುನ್ನ ಆವರಣ ಗೋಡೆಯನ್ನು ಎಲ್ಲಿಯೂ ತೆರವಿಲ್ಲದಂತೆ ಪೂರ್ಣಗೊಳಿಸತಕ್ಕದ್ದು.' ಕೆಳಗೆ ಹಸಿರು ಶಾಯಿಯ ಸಹಿ. ನನ್ನದೇ.

ಯಾವತ್ತು ಹಾಕಿದೆನೋ ನೆನಪಿಲ್ಲ. ಓದಿಯೇ ಹಾಕಿರಬೇಕು, ಓದದೆ ಸಹಿ ಮಾಡುವ ಅಭ್ಯಾಸ ನನಗಿಲ್ಲ. ಅದೇ ಇನ್ನೂ ಹೇಸಿಗೆ. ಎರಡೂ ಗೇಟಿನ ಬೀಗ ತೆಗೆಸಿ, ಟ್ರಸ್ಟಿನವರಿಗೆ ನಾನೇ ಉತ್ತರ ಕೊಡುತ್ತೇನೆ ಎಂದೆ. ಟ್ರಸ್ಟಿನವರು ಆಮೇಲೆ ಮುಖ ಸಿಂಡರಿಸಿಕೊಂಡು ಒಪ್ಪಿದರು. ಅದು ಬೇರೆ ಮಾತು.

ಸಂಜೆ ಹೊತ್ತಿಗೆ ಗೆಳೆಯನ ಮನೆಗೆ ಹೋಗಿ, ಗೇಟು ತೆಗೆಸಿದ್ದೇನೆ, ನಾಳೆ ಆ ದಾರಿಯಲ್ಲೇ ಹೋಗು ಎಂದೆ. "ಬರ್ಕೊಡು" ಎಂದ ಅವನು. ಕಂಬಕ್ಕೆ ಒರಗಿದ್ದವರಿಗೆ ಅವತ್ತು ಸುಮ್ಕಿರು ಎಂದು ಗದರಿದ್ದ ಬಾಯಿಯೇ ಅದು.

ವಿಶ್ವವಿದ್ಯಾಲಯದ ಮೊಹರಿದ್ದ ಕಾಗದ ತರಿಸಿ ಅಲ್ಲೇ ಕೂತು ಬರೆದೆ. ನಾಲ್ಕೇ ಸಾಲು. ಈ ಕಾಲುದಾರಿ ಕೇರಿಯವರದು, ಗೇಟುಗಳಿಗೆ ಬೀಗ ಹಾಕತಕ್ಕದ್ದಲ್ಲ, ಕಲ್ಲನ್ನು ಮುಟ್ಟತಕ್ಕದ್ದಲ್ಲ ಎಂದು. ಸಹಿ ಹಾಕಿ ಕೊಟ್ಟೆ. ಅವನು ಕನ್ನಡಕ ಏರಿಸಿಕೊಂಡು, ಮಕ್ಕಳ ಕಾಪಿ ಪುಸ್ತಕ ತಿದ್ದುವವನ ಹಾಗೆ ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದಿದ. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"'ಸಾಧ್ಯವಾದ ಮಟ್ಟಿಗೆ' ಅಂತ ಯಾಕ್ಲಾ ಹಾಕಿದ್ದೀಯ?"

ನೋಡಿದೆ. ಹಾಕಿದ್ದೆ. ನಿಜವಾಗಿಯೂ ನಾನು ಹಾಕಬೇಕೆಂದು ಹಾಕಿದ್ದಲ್ಲ. ಕೈ ತನ್ನಷ್ಟಕ್ಕೆ ಬರೆದಿತ್ತು. ಅವನ ಹೆಂಡತಿಯ ಮಣ್ಣು ಇನ್ನೂ ಹಸಿಯಾಗಿರುವಾಗ, ಅವನ ಜಗಲಿಯಲ್ಲೇ ಕೂತು, ನನ್ನ ಕೈ ನುಣುಚಿಕೊಳ್ಳಲು ಸಂದು ಮಾಡಿಕೊಂಡಿತ್ತು.

"ಹೊಡ್ದಾಕು" ಎಂದ.

ಹೊಡೆದು ಹಾಕಿದೆ. ಅದರ ಪಕ್ಕ ಇನ್ನೊಂದು ಸಹಿ ಮಾಡಿಸಿಕೊಂಡ. ಕಾಗದ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ. ಎಲೆ ಅಡಿಕೆ ಕೊಡಲಿಲ್ಲ.

ಮರುದಿನ ಬೆಳಗ್ಗೆ ನಾನೇ ಹೋಗಿ ಗೇಟಿನ ಎರಡೂ ಬಾಗಿಲು ಹಿಂದಕ್ಕೆ ತಳ್ಳಿ ನಿಂತೆ. ಕಲ್ಲಿನ ಪಕ್ಕದ ಫಲಕವನ್ನು ಕೀಳಿಸಿದ್ದೆ, ಸುಣ್ಣ ಮಾತ್ರ ಹೋಗಿರಲಿಲ್ಲ. ಅವನು ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಹಾಲಿನ ಚೊಂಬು ಹಿಡಿದು ನಿಧಾನ ಬಂದ. ಹಿಂದೆ ನಾಲ್ಕಾರು ಜನ ನೆಂಟರು. ಗೇಟು ಹಾರು ಹೊಡೆದಿತ್ತು, ನಾನು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದೆ. ಅವನು ನನ್ನನ್ನು ನೋಡಿದ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಜೇಬಿನಿಂದ ಆ ಕಾಗದ ತೆಗೆದು, ಬಿಡಿಸಿ ಕಾವಲಿನವನ ಮುಂದೆ ಹಿಡಿದ.

"ಬ್ಯಾಡ ಸಾಮಿ, ಹೋಗಿ, ಸಾಹೇಬ್ರೇ ಇದಾರೆ" ಎಂದ ಕಾವಲಿನವನು.

"ಅವ್ರಿರ್ಲಿ" ಎಂದ ನನ್ನ ಗೆಳೆಯ. "ನೀನು ಓದ್ಕ."