ಬಾಗಿಲಲ್ಲಿ ಹಾಯುವ ನೆರಳು

ಹಿಂದೂಪುರದಲ್ಲಿ ನಮ್ಮದು ಸೀರೆ ನೇಯುವ ಮನೆ. ನನಗೆ ಮಗ್ಗ ಒಲಿಯಲಿಲ್ಲ. ಕನ್ನಡ, ತೆಲುಗು ಎರಡೂ ಸಲೀಸಾಗಿ ಬರುತ್ತಿದ್ದುದರಿಂದ ಕಲ್ಯಾಣದುರ್ಗದ ಕಡೆ ಗಾಳಿಯಿಂದ ಕರೆಂಟು ತಯಾರಿಸುವ ಕಂಪನಿಯಲ್ಲಿ ಊರಿನವರ ಜೊತೆ ಮಾತಾಡುವ ಕೆಲಸ ಸಿಕ್ಕಿತು. ಸಭೆಗಳಲ್ಲಿ ಅಧಿಕಾರಿಗಳು ಹೇಳುತ್ತಿದ್ದುದನ್ನು ನಾನು ಜನರ ಮಾತಿಗೆ ತರುತ್ತಿದ್ದೆ. ಭೂಮಿ ಬಿಸಿಯೇರುತ್ತಿದೆ, ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡುತ್ತೇವೆಂದು ದೇಶ ಮಾತು ಕೊಟ್ಟಿದೆ, ಅದಕ್ಕೇ ಹೊರದೇಶದ ಬಂಡವಾಳ ನಮ್ಮ ಗುಡ್ಡಗಳವರೆಗೆ ಬಂದಿದೆ ಎನ್ನುತ್ತಿದ್ದೆ. ಅದನ್ನು ನಂಬಿದ್ದೆ. ಈಗಲೂ ನಂಬುತ್ತೇನೆ.

ಗುಡ್ಡದ ಮೇಲಿನ ಫ್ಯಾನುಗಳು ತಿರುಗತೊಡಗಿದ ಚಳಿಗಾಲದಲ್ಲಿ ಕೆಳಗಿನ ಹಳ್ಳಿಯ ರೈತನೊಬ್ಬ ಆಫೀಸಿಗೆ ಬಂದ.

"ಹೊತ್ತು ಇಳಿಯೋ ಟೈಮಿಗೆ ನಮ್ಮಮ್ಮ ಅಪ್ಪನ ಜೊತೆ ಮಾತಾಡ್ತಾಳೆ ಸಾರ್. ಅಪ್ಪ ಹೋಗಿ ವರ್ಷ ಆಯ್ತು. ಮಕ್ಳು ಹೆದ್ರಿ ಮನೆಯೊಳಕ್ಕೇ ಬರಾಕಿಲ್ಲ. ಎಲ್ಲಾ ನಿಮ್ ಫ್ಯಾನಿನ ನೆಳ್ಳಿಂದ."

ಅವನ ಜೊತೆಯಲ್ಲೇ ಹೋದೆ. ಮನೆಯ ಬಾಗಿಲು ಪಡುವಣಕ್ಕಿತ್ತು. ಆತನ ತಾಯಿ ಗೋಡೆಗೊರಗಿ ಕಡಲೆಕಾಯಿ ಸುಲಿಯುತ್ತಿದ್ದರು. ಸೂರ್ಯ ಫ್ಯಾನಿನ ಹಿಂದಕ್ಕೆ ಇಳಿಯುತ್ತಿದ್ದಂತೆ ಉದ್ದನೆಯ ನೆರಳೊಂದು ಹೊಸ್ತಿಲು ದಾಟಿ, ನೆಲದ ಮೇಲೆ ಹಾದು, ಎದುರಿನ ಗೋಡೆ ಹತ್ತಿ ಮಾಯವಾಯಿತು. ಅದರ ಹಿಂದೆಯೇ ಇನ್ನೊಂದು. ಪ್ರತಿ ಸಲವೂ ಆಕೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನಾನೂ ನೋಡತೊಡಗಿದೆ.

"ಅದು ಫ್ಯಾನಿನ ರೆಕ್ಕೆ ಅಮ್ಮಾ," ಎಂದೆ.

"ಗೊತ್ತು ನಾಯ್ನಾ, ನಂಗೇನು ಕಣ್ಣು ಕಾಣಾಕಿಲ್ವಾ? ಆದ್ರೂ ಹೊಲದಿಂದ ಬಂದೋರು ಒಳಕ್ ಬಂದು ನಿಲ್ದೇ ಹಂಗೇ ಹೋಯ್ತಾ ಇದ್ರೆ ಹೆಂಗೆ ಸುಮ್ನಿರ್ಲಿ? ನೀರಾದ್ರೂ ಕುಡ್ಕೊಂಡ್ ಹೋಗಿ ಅಂತೀನಿ, ಅಷ್ಟೆ."

ನಮ್ಮ ಎಂಜಿನಿಯರ್‌ಗೆ ಹೇಳಿದೆ. ಆ ಮನೆಯ ಮೇಲೆ ನೆರಳು ಬೀಳುವ ಹೊತ್ತಿನಲ್ಲಿ ಫ್ಯಾನು ತಾನಾಗಿ ನಿಲ್ಲುವಂತೆ ಕಂಪ್ಯೂಟರಿನಲ್ಲೇ ಮಾಡಬಹುದು ಎಂದ, ಹಾಗೇ ಮಾಡಿಯೂ ಬಿಟ್ಟ. ಕೆಲಸ ಮುಗಿಯಿತೆಂಬ ಸಮಾಧಾನದಲ್ಲಿ ಮತ್ತೆ ಆ ಮನೆಗೆ ಹೋದೆ. ಮಕ್ಕಳು ಒಳಗೆ ಆಡುತ್ತಿದ್ದರು. ಗೋಡೆಯ ಮೇಲೆ ಸಂಜೆಬಿಸಿಲು ಅಲ್ಲಾಡದೆ ನಿಂತಿತ್ತು. ಆಕೆಯ ಮೊರದಲ್ಲಿ ಕಡಲೆಕಾಯಿ ಹಾಗೇ ಇತ್ತು.

"ನಿಲ್ಲಿಸ್ಬುಟ್ಟಾ?" ಎಂದರು. ನಾನು ತಲೆಯಾಡಿಸಿದೆ.

"ಅವ್ರು ಸತ್ತಾಗ ಮನೆ ತುಂಬಾ ಜನ. ಅಡುಗೆ, ನೀರು ಅಂತ ಓಡಾಡದ್ರಲ್ಲೇ ಕಳ್ದೋಯ್ತು. ಈಗ ಹೋದ್ರು ಕಣಪ್ಪ."

ಮಗ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದ. ನನ್ನನ್ನು ಬಸ್ಸಿಗೆ ಬಿಡಲು ಬಂದವನು ರಸ್ತೆಯಲ್ಲಿ ಬೈಕು ನಿಲ್ಲಿಸಿ, "ತಿರುಗ್ಲಿ ಬಿಡಿ ಸಾರ್. ಮಕ್ಳಿಗೆ ನಾನು ಹೇಳ್ಕೋತೀನಿ," ಎಂದ.

ಫ್ಯಾನು ಆ ಹೊತ್ತಿನಲ್ಲೂ ತಿರುಗಲಿ ಎಂದು ಕೇಳಿದಾಗ ಎಂಜಿನಿಯರ್ ನನ್ನ ಮುಖವನ್ನೊಮ್ಮೆ ನೋಡಿ ಮೊದಲಿನಂತೆಯೇ ಮಾಡಿಕೊಟ್ಟ.

ಬೇಸಿಗೆ ಬಲಿಯುವ ಮುಂಚೆ ಒಂದು ಸಂಜೆ ಮತ್ತೆ ಹೋಗಿದ್ದೆ. ಮಗ ಹೊಸ್ತಿಲ ಮೇಲೆ ಕೂತಿದ್ದ, ನಾನು ಎದುರಿಗೆ ಕಾಲು ಚಾಚಿ ಕೂತೆ. ಮಕ್ಕಳು ಅಜ್ಜಿಗೆ ಒತ್ತಿಕೊಂಡು ಕೂತಿದ್ದರು. ಮೊದಲ ನೆರಳು ಅಂಗಳ ದಾಟಿ ಬಂತು. ಮಗ ಮಾತು ನಿಲ್ಲಿಸದೆಯೇ ಹೊಸ್ತಿಲಿನಿಂದ ಒಂದಿಷ್ಟು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾನೂ ಕಾಲು ಮಡಚಿಕೊಂಡೆ.